ಹೆಪ್ಪು ಹಳತಾದರೆ ಮೊಸರೂ ಬೇರೆ: ಲ್ಯಾಬ್‌ನಲ್ಲಿ ಕೋಶ ಬೆಳೆಸುವವರಿಗೊಂದು ಮಾರ್ಗದರ್ಶಿ

ಪಿಎಚ್‌ಡಿಯ ಮೊದಲ ವರ್ಷ ನನ್ನ ಕೋಶಗಳಲ್ಲಿ ಅರ್ಧದಷ್ಟು ಸಾಯಲು 2 ಮೈಕ್ರೊಮೋಲಾರ್ ಔಷಧಿ ಸಾಕಾಗುತ್ತಿತ್ತು. ಮೂರನೇ ವರ್ಷ ಅದೇ ಔಷಧಿ, ಅದೇ ಹೆಸರಿನ ಕೋಶ, ಅದೇ ಕೈ. 9 ಹಾಕಿದರೂ ಅವು ಜಗ್ಗಲಿಲ್ಲ. ಔಷಧಿ ಕೆಟ್ಟಿರಬೇಕು ಅಂತ ಹೊಸದು ತರಿಸಿದೆ. ಪಿಪೆಟ್‌ಗಳನ್ನು ಕ್ಯಾಲಿಬ್ರೇಟ್ ಮಾಡಿಸಿದೆ. ಕೋಶಗಳ ಆಹಾರಕ್ಕೆ ಬೆರೆಸುವ ಸೀರಮ್ ಮೇಲೆ ಅನುಮಾನಪಟ್ಟೆ. ನಾಲ್ಕು ತಿಂಗಳು ಹೀಗೇ ಹೋಯಿತು.

ಉತ್ತರ ಫ್ಲಾಸ್ಕ್ ಮೇಲೆಯೇ ಇತ್ತು. ಮಾರ್ಕರ್‌ನಲ್ಲಿ ‘ಪಿ-9’ ಅಂತ ಬರೆದಿದ್ದೆವು, ಅಂದರೆ ಒಂಬತ್ತನೇ ಪ್ಯಾಸೇಜ್: ಒಂದು ಫ್ಲಾಸ್ಕ್‌ನಿಂದ ಇನ್ನೊಂದಕ್ಕೆ ಒಂಬತ್ತು ಸಲ ವರ್ಗಾಯಿಸಿದ ಕೋಶ. ಅದು ಸುಳ್ಳು. ನಮ್ಮ ಲ್ಯಾಬ್‌ನಲ್ಲಿ ಪ್ರತಿ ಸಲ ವಯಲ್, ಅಂದರೆ ಕೋಶ ಫ್ರೀಜ್ ಮಾಡಿಟ್ಟ ಪುಟ್ಟ ಸೀಸೆ, ಕರಗಿಸಿದಾಗ ಎಣಿಕೆ ಮತ್ತೆ ಒಂದರಿಂದ ಶುರುವಾಗುತ್ತಿತ್ತು. ಹಳೇ ನೋಟ್‌ಬುಕ್‌ಗಳನ್ನೆಲ್ಲ ಮೇಜಿನ ಮೇಲೆ ಹರಡಿ ಕೂಡಿಸಿ ನೋಡಿದರೆ ಆ ಕೋಶಗಳು 70 ಪ್ಯಾಸೇಜ್ ದಾಟಿದ್ದವು.

ಈಗ ಹೊಸ ವಿದ್ಯಾರ್ಥಿಗಳಿಗೆ ಕಲ್ಚರ್ ರೂಮ್ ತೋರಿಸುವ ಕೆಲಸ ನನ್ನ ಪಾಲಿಗೆ ಬಂದಿದೆ. ಪ್ರತಿ ವರ್ಷ ಯಾರಾದರೊಬ್ಬರು ಕೇಳುತ್ತಾರೆ: “ಮೇಡಂ, ಸೆಲ್ಸ್ ಚೆನ್ನಾಗೇ ಬೆಳೀತಿವೆ ಅಲ್ವಾ? ಸುಮ್ನೆ ಯಾಕೆ ಎಸೀಬೇಕು?” ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ. ಜಕ್ಕೂರಿನಲ್ಲಿರಿ, ಜಿಕೆವಿಕೆ ಕ್ಯಾಂಪಸ್‌ನಲ್ಲಿರಿ, ಎಲೆಕ್ಟ್ರಾನಿಕ್ ಸಿಟಿಯ ಪುಟ್ಟ ಸ್ಟಾರ್ಟ್‌ಅಪ್‌ನಲ್ಲಿರಿ, ತೊಂದರೆ ಒಂದೇ.

ಮೊದಲು, ಆಗುವುದಾದರೂ ಏನು?

ಮನೆಯಲ್ಲಿ ಮೊಸರಿಗೆ ಹೆಪ್ಪು ಹಾಕುವುದನ್ನು ನೋಡಿದ್ದೀರಿ. ಇವತ್ತಿನ ಮೊಸರಿನಿಂದ ಒಂದು ಚಮಚ ನಾಳಿನ ಹಾಲಿಗೆ. ನಾಳಿನದರಿಂದ ನಾಡಿದ್ದಿಗೆ. ಕೆಲವು ತಿಂಗಳಾದ ಮೇಲೆ ಮೊಸರು ಹುಳಿ ಜಾಸ್ತಿಯಾಗುತ್ತದೆ, ಇಲ್ಲವೇ ಲೋಳೆ ಲೋಳೆಯಾಗುತ್ತದೆ. ಆಗ ಅಮ್ಮ ಪಕ್ಕದ ಮನೆಯಿಂದ ಹೊಸ ಹೆಪ್ಪು ತರಲು ಕಳಿಸುತ್ತಾಳೆ. ಕೋಶಗಳ ಪ್ಯಾಸೇಜ್ ಅಂದರೂ ಇದೇ. ಫ್ಲಾಸ್ಕ್ ತುಂಬಿದಾಗ ಟ್ರಿಪ್ಸಿನ್ ಎಂಬ ಕಿಣ್ವ ಹಾಕಿ ಬಿಡಿಸಿ, ಒಂದು ಪಾಲನ್ನು ಹೊಸ ಫ್ಲಾಸ್ಕ್‌ಗೆ ಹಾಕುತ್ತೇವೆ. ಸ್ಪ್ಲಿಟ್ ಮಾಡುವುದು ಅನ್ನುವುದೂ ಇದಕ್ಕೇ. ಉಳಿದದ್ದನ್ನು ಪ್ರಯೋಗಕ್ಕೆ ಬಳಸುತ್ತೇವೆ, ಇಲ್ಲವೇ ಚೆಲ್ಲುತ್ತೇವೆ. ಹೀಗೆ ಪ್ರತಿ ಸಲವೂ ಒಂದು ಆಯ್ಕೆ ನಡೆದಿರುತ್ತದೆ. ಆಯ್ಕೆ ಮಾಡಿದ್ದು ನಾವೇ, ಆದರೆ ನಮಗೆ ಗೊತ್ತಿರುವುದಿಲ್ಲ.

ಒಂದು ಲೆಕ್ಕ ಹಾಕೋಣ. ನಿಮ್ಮ ಫ್ಲಾಸ್ಕ್‌ನ ಕೋಶಗಳು 24 ಗಂಟೆಗೊಮ್ಮೆ ಇಮ್ಮಡಿಯಾಗುತ್ತವೆ ಅಂದುಕೊಳ್ಳಿ. ಅವುಗಳಲ್ಲಿ ಸಾವಿರಕ್ಕೆ ಒಂದು ಯಾವುದೋ ಬದಲಾವಣೆಯಿಂದಾಗಿ 20 ಗಂಟೆಗೇ ಇಮ್ಮಡಿಯಾಗುತ್ತದೆ. ಎರಡು ತಿಂಗಳಲ್ಲಿ ಮಿಕ್ಕವು 60 ಸಲ ಇಮ್ಮಡಿಯಾದರೆ ಈ ಆತುರದ ಕೋಶ 72 ಸಲ. 12 ಸಲ ಹೆಚ್ಚು ಅಂದರೆ 4,096 ಪಟ್ಟು. ಎರಡು ತಿಂಗಳ ಕೊನೆಗೆ ಫ್ಲಾಸ್ಕ್‌ನಲ್ಲಿ ಹತ್ತಕ್ಕೆ ಎಂಟು ಅವೇ! ಸಾವಿರಕ್ಕೆ ಒಂದು ಇದ್ದದ್ದು. ಮೈಕ್ರೊಸ್ಕೋಪ್‌ನಲ್ಲಿ ನೋಡಿದರೆ ಏನೂ ಗೊತ್ತಾಗುವುದಿಲ್ಲ, ‘ಈಗ ಚೆನ್ನಾಗಿ ಬೆಳೀತಿವೆ’ ಅಂತ ನಮಗೇ ಖುಷಿ. ನನ್ನನ್ನು ಕೇಳಿದರೆ, ಕಾರಣವಿಲ್ಲದೆ ಚೆನ್ನಾಗಿ ಬೆಳೆಯಲು ಶುರುಮಾಡಿದ ಕೋಶ ಕುಂಟುತ್ತಿರುವ ಕೋಶಕ್ಕಿಂತ ಅಪಾಯ.

ಇದು ಎಷ್ಟು ದೊಡ್ಡ ವಿಷಯ ಅನ್ನುವುದಕ್ಕೆ 2018ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ನೋಡಿ. ಸ್ತನ ಕ್ಯಾನ್ಸರ್‌ನ ಎಂಸಿಎಫ್-7 ಕೋಶ ಯಾವ ಲ್ಯಾಬ್‌ನಲ್ಲಿ ಇಲ್ಲ ಹೇಳಿ? ಆ ಹೆಸರಿನ 27 ಬೇರೆ ಬೇರೆ ತಳಿಗಳನ್ನು ಕಲೆಹಾಕಿ, ಅವುಗಳ ಮೇಲೆ 321 ಔಷಧಿಗಳನ್ನು ಪರೀಕ್ಷಿಸಿದರು. ಕೆಲವು ತಳಿಗಳನ್ನು ಜೋರಾಗಿ ತಡೆದ ಔಷಧಿಗಳಲ್ಲಿ ಮುಕ್ಕಾಲು ಪಾಲಿನಷ್ಟು ಬೇರೆ ಕೆಲವು ತಳಿಗಳ ಮೇಲೆ ಏನೂ ಕೆಲಸ ಮಾಡಲಿಲ್ಲ. ಎಲ್ಲದರ ಲೇಬಲ್ ಮೇಲೂ ಒಂದೇ ಹೆಸರು! ಮರುವರ್ಷ ಇನ್ನೊಂದು ತಂಡ 13 ಲ್ಯಾಬ್‌ಗಳಿಂದ ಹೀಲಾ ಎಂಬ ಇನ್ನೊಂದು ಹೆಸರುವಾಸಿ ಕೋಶದ 14 ಮಾದರಿಗಳನ್ನು ತರಿಸಿ ನೋಡಿತು. ಅಲ್ಲೂ ಕ್ರೋಮೋಸೋಮ್‌ಗಳಿಂದ ಹಿಡಿದು ಪ್ರೋಟೀನ್‌ಗಳವರೆಗೆ ವ್ಯತ್ಯಾಸ. ‘ಅವರ ಫಲಿತಾಂಶ ನಮ್ಮಲ್ಲಿ ಬರುತ್ತಿಲ್ಲ’ ಎಂಬ ಜಗಳದಲ್ಲಿ ಎಷ್ಟೋ ಸಲ ಇಬ್ಬರೂ ಸುಳ್ಳು ಹೇಳುತ್ತಿರುವುದಿಲ್ಲ.

ಹೆಜ್ಜೆ 1: ಬುಡ ಗೊತ್ತಿರುವ ಕೋಶವನ್ನೇ ತನ್ನಿ

ಬೆಂಗಳೂರಿನಲ್ಲಿ ಲ್ಯಾಬ್‌ಗಳು ಅಕ್ಕಪಕ್ಕ ಇವೆ, ಎಲ್ಲರಿಗೂ ಎಲ್ಲರೂ ಗೊತ್ತು. ಹಾಗಾಗಿ ಕೋಶ ಬೇಕು ಅಂದರೆ ಸ್ನೇಹಿತರಿಗೆ ಒಂದು ಮೆಸೇಜ್. ಸಂಜೆ ಹೊತ್ತಿಗೆ ಥರ್ಮೋಕೋಲ್ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಹೆಬ್ಬಾಳದ ಟ್ರಾಫಿಕ್‌ನಲ್ಲಿ ಆಟೋದೊಳಗೆ ಕೂತಿರುತ್ತೇವೆ. ನಾನೂ ಮಾಡಿದ್ದೇನೆ. ಆ ಫ್ಲಾಸ್ಕ್‌ನ ವಯಸ್ಸು ಎಷ್ಟು ಅಂತ ಕೇಳಿದರೆ ಕೊಟ್ಟವರಿಗೂ ಗೊತ್ತಿರಲಿಲ್ಲ. ಅವರಿಗೂ ಇನ್ಯಾರೋ ಕೊಟ್ಟಿದ್ದು.

ಪುಣೆಯ ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರ, ಅಂದರೆ ನಾವೆಲ್ಲ ಎನ್‌ಸಿಸಿಎಸ್ ಅನ್ನುವ ಸಂಸ್ಥೆ, ದೇಶದ ಸಂಶೋಧಕರಿಗೆ ಕೋಶಗಳನ್ನು ಒದಗಿಸುತ್ತದೆ. ಬಜೆಟ್ ಇದ್ದರೆ ಅಮೆರಿಕದ ಎಟಿಸಿಸಿ, ಜರ್ಮನಿಯ ಡಿಎಸ್‌ಎಂಝಡ್‌ನಂಥ ಕೋಶ ಸಂಗ್ರಹಗಳಿಂದಲೂ ತರಿಸಬಹುದು. ಅಲ್ಲಿಂದ ಬರುವ ಕಾಗದವನ್ನು ಎಸೆಯಬೇಡಿ. ಅದರಲ್ಲಿ ಲಾಟ್ ನಂಬರ್ ಇರುತ್ತದೆ. ಪ್ಯಾಸೇಜ್ ನಂಬರ್ ಕೊಟ್ಟಿದ್ದರೆ ನಿಮ್ಮ ಎಣಿಕೆ ಅಲ್ಲಿಂದಲೇ ಮುಂದುವರಿಯಬೇಕು.

ತರಿಸುವ ಮೊದಲು ಇನ್ನೊಂದು ಕೆಲಸ: ಆ ಹೆಸರಿನ ಕೋಶ ನಿಜವಾಗಿಯೂ ಅದೇನಾ ಅಂತ ನೋಡಿ. 1951ರಲ್ಲಿ ಬಾಲ್ಟಿಮೋರ್‌ನ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯಲ್ಲಿ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಮಹಿಳೆಯ ಗೆಡ್ಡೆಯಿಂದ, ಅವರನ್ನು ಕೇಳದೆಯೇ ತೆಗೆದದ್ದು ಹೀಲಾ ಕೋಶ. ಅದು ಎಷ್ಟು ಜೋರಾಗಿ ಬೆಳೆಯಿತೆಂದರೆ ಬೇರೆ ಫ್ಲಾಸ್ಕ್‌ಗಳಿಗೂ ನುಗ್ಗಿತು. 1966ರಲ್ಲಿ ಸ್ಟ್ಯಾನ್ಲಿ ಗಾರ್ಟ್‌ಲರ್, ಬೇರೆ ಬೇರೆ ಹೆಸರಿನ 18 ಸೆಲ್ ಲೈನ್‌ಗಳು ಅಸಲಿಗೆ ಹೀಲಾ ಎಂದು ತೋರಿಸಿದಾಗ ಸಭೆಯಲ್ಲಿದ್ದವರಿಗೆ ಅದನ್ನು ನುಂಗಿಕೊಳ್ಳಲು ಆಗಲಿಲ್ಲ. ಎಂಡಿಎ-ಎಂಬಿ-435 ಇನ್ನೊಂದು ಕಥೆ. ಸ್ತನ ಕ್ಯಾನ್ಸರ್ ಅಂದುಕೊಂಡು ವರ್ಷಗಟ್ಟಲೆ ಪೇಪರ್ ಬರೆದರು, ಅದು ಚರ್ಮದ ಕ್ಯಾನ್ಸರ್ ಮೆಲನೋಮಾದ ಕೋಶವಾಗಿತ್ತು. ಇಂಥ 500ಕ್ಕೂ ಹೆಚ್ಚು ಹೆಸರುಗಳ ಪಟ್ಟಿಯನ್ನು ಐಕ್ಲ್ಯಾಕ್ ಎಂಬ ಅಂತಾರಾಷ್ಟ್ರೀಯ ಸಮಿತಿ ಇಟ್ಟಿದೆ. ಪುಕ್ಕಟೆ ಸಿಗುತ್ತದೆ, ನೋಡಲು ಐದು ನಿಮಿಷ ಸಾಕು.

ಹೆಜ್ಜೆ 2: ಪ್ರಯೋಗ ಆಮೇಲೆ, ಬ್ಯಾಂಕ್ ಮೊದಲು

ಹೊಸ ಕೋಶ ಬಂದ ದಿನ ಕೈ ತುರಿಸುತ್ತದೆ. ತಡೆದುಕೊಳ್ಳಿ. ಎರಡು ಮೂರು ಪ್ಯಾಸೇಜ್‌ನಲ್ಲಿ ಬೇಕಾದಷ್ಟು ಬೆಳೆಸಿ, 10 ವಯಲ್ ಫ್ರೀಜ್ ಮಾಡಿ. ಇದು ಮೂಲ ಬ್ಯಾಂಕ್. ಇದನ್ನು ಬೀಜದ ರಾಗಿ ಅಂದುಕೊಳ್ಳಿ, ಹಸಿವಾಯಿತು ಅಂತ ಬೀಸಿಕೊಂಡು ತಿನ್ನುವುದಲ್ಲ. ಇದರಿಂದ ಒಂದೇ ಒಂದು ವಯಲ್ ಕರಗಿಸಿ, ಬೆಳೆಸಿ, 20 ವಯಲ್ ಮಾಡಿ. ಇದು ದಿನಬಳಕೆಯ ಬ್ಯಾಂಕ್. ಪ್ರಯೋಗಕ್ಕೆ ಯಾವಾಗಲೂ ಇಲ್ಲಿಂದಲೇ ತೆಗೆಯಿರಿ.

ಲೆಕ್ಕ ನೋಡಿ. ಮೂಲದ ಪ್ರತಿ ವಯಲ್‌ನಿಂದ 20 ಅಂದರೆ ಒಟ್ಟು 200. ಒಂದೊಂದನ್ನು ಎರಡು ತಿಂಗಳು ಬಳಸಿದರೂ 400 ತಿಂಗಳು, ಅಂದರೆ 33 ವರ್ಷ. ಯಾರ ಪಿಎಚ್‌ಡಿಯೂ ಅಷ್ಟು ಎಳೆಯುವುದಿಲ್ಲ, ಎಳೆದ ಹಾಗೆ ಅನ್ನಿಸಬಹುದು ಅಷ್ಟೇ. 33 ವರ್ಷದ ಕೊನೆಯ ಪ್ರಯೋಗದಲ್ಲೂ ಕೋಶದ ವಯಸ್ಸು ಮೊದಲ ಪ್ರಯೋಗದಷ್ಟೇ ಇರುತ್ತದೆ. ಒಂದೇ ಫ್ಲಾಸ್ಕನ್ನು ವರ್ಷಗಟ್ಟಲೆ ಓಡಿಸುವವರಿಗೆ ಈ ಅನುಕೂಲ ಇಲ್ಲ.

ಫ್ರೀಜ್ ಮಾಡುವ ಬಗೆ ಎಲ್ಲ ಕಡೆ ಒಂದೇ. ಜೋರಾಗಿ ಬೆಳೆಯುತ್ತಿರುವ ಹಂತದ ಕೋಶ, ಫ್ಲಾಸ್ಕ್ ಪೂರ್ತಿ ತುಂಬುವ ಮೊದಲು. ವಯಲ್‌ಗೆ 10ರಿಂದ 20 ಲಕ್ಷ ಕೋಶ, ಸೀರಮ್ ಇರುವ ಮೀಡಿಯಾದಲ್ಲಿ, ಅಂದರೆ ಕೋಶ ಬೆಳೆಯುವ ದ್ರವದಲ್ಲಿ, ಶೇಕಡಾ 10 ಡಿಎಂಎಸ್‌ಒ (ಮಂಜಿನ ಹರಳುಗಳಿಂದ ಕೋಶವನ್ನು ಕಾಪಾಡುವ ದ್ರಾವಕ). ನಿಮಿಷಕ್ಕೆ 1 ಡಿಗ್ರಿಯಂತೆ ತಣ್ಣಗಾಗಬೇಕು, ಅದಕ್ಕೇ ಐಸೊಪ್ರೊಪನಾಲ್ ತುಂಬಿದ ಡಬ್ಬಿಯಲ್ಲಿಟ್ಟು ಮೈನಸ್ 80 ಡಿಗ್ರಿಯ ಫ್ರೀಜರ್‌ಗೆ ಹಾಕುವುದು. ಮರುದಿನ ದ್ರವ ಸಾರಜನಕದ ಟ್ಯಾಂಕ್‌ಗೆ ಸಾಗಿಸಿ. ಮೈನಸ್ 80 ಬಸ್ ನಿಲ್ದಾಣ ಇದ್ದ ಹಾಗೆ, ಮನೆಯಲ್ಲ. ಅಲ್ಲೇ ತಿಂಗಳುಗಟ್ಟಲೆ ಬಿಟ್ಟರೆ ಬದುಕುವ ಕೋಶಗಳು ಕಡಿಮೆಯಾಗುತ್ತಾ ಹೋಗುತ್ತವೆ. ಬದುಕಿ ಉಳಿದವು ಮೊದಲಿನ ಗುಂಪಿನಂತೆಯೇ ಇರುತ್ತವೆ ಅನ್ನುವ ಭರವಸೆಯೂ ಇಲ್ಲ. ಸಾಧ್ಯವಾದರೆ ಮೂಲ ಬ್ಯಾಂಕನ್ನು ಎರಡು ಟ್ಯಾಂಕ್‌ಗಳಿಗೆ ಹಂಚಿ. ಒಂದು ಟ್ಯಾಂಕ್‌ಗೆ ಸಾರಜನಕ ತುಂಬುವುದನ್ನು ಯಾರೋ ಮರೆತರೆ ಇನ್ನೊಂದಾದರೂ ಇರುತ್ತದೆ.

ಬ್ಯಾಂಕ್ ಮಾಡಿದ ವಾರದಲ್ಲೇ ಒಂದು ವಯಲ್ ಕರಗಿಸಿ ನೋಡಿ. ಎರಡು ವರ್ಷ ಬಿಟ್ಟು ತೆಗೆದು ‘ಅಯ್ಯೋ, ಒಂದೂ ಬದುಕಿಲ್ಲ’ ಅನ್ನುವುದಕ್ಕಿಂತ ಅದು ವಾಸಿ.

ಹೆಜ್ಜೆ 3: ಪ್ಯಾಸೇಜ್ ಎಣಿಸಿ, ಇಮ್ಮಡಿಯನ್ನೂ ಎಣಿಸಿ

ಪ್ಯಾಸೇಜ್ ನಂಬರ್ ಅನ್ನುವುದು ಎಷ್ಟು ಸಲ ಮನೆ ಬದಲಿಸಿದಿರಿ ಅಂತ ಹೇಳುತ್ತದೆ, ವಯಸ್ಸೆಷ್ಟು ಅಂತ ಅಲ್ಲ. ಒಬ್ಬರು ಪ್ರತಿ ಸಲ ಎರಡು ಪಾಲು ಮಾಡುತ್ತಾರೆ, ಇನ್ನೊಬ್ಬರು ಎಂಟು ಪಾಲು. ಇಬ್ಬರೂ ಪಿ-10 ಅಂತ ಬರೆಯುತ್ತಾರೆ. ಮೊದಲನೆಯವರ ಕೋಶ 10 ಸಲ ಇಮ್ಮಡಿಯಾಗಿದೆ, ಎರಡನೆಯವರದು 30 ಸಲ.

ಇಮ್ಮಡಿ ಲೆಕ್ಕ ಸುಲಭ. ಫ್ಲಾಸ್ಕ್‌ನಿಂದ ತೆಗೆದ ಕೋಶಗಳ ಸಂಖ್ಯೆಯನ್ನು ಹಾಕಿದ ಸಂಖ್ಯೆಯಿಂದ ಭಾಗಿಸಿ. ಬಂದ ಉತ್ತರದ ಲಾಗ್ ತೆಗೆದು, ಅಂದರೆ ಹತ್ತರ ಬುಡದ ಲಾಗ್, 3.32ರಿಂದ ಗುಣಿಸಿ. 5 ಲಕ್ಷ ಹಾಕಿ 40 ಲಕ್ಷ ತೆಗೆದರೆ 8 ಪಟ್ಟು, ಅಂದರೆ 3 ಇಮ್ಮಡಿ. ಪ್ರತಿ ಸಲದ್ದನ್ನು ಹಿಂದಿನದಕ್ಕೆ ಕೂಡಿಸುತ್ತಾ ಹೋಗಿ. ಹಾಕಿದ ಕೋಶಗಳೆಲ್ಲ ಅಂಟಿಕೊಳ್ಳುವುದಿಲ್ಲ, ಹಾಗಾಗಿ ನಿಜವಾದ ಲೆಕ್ಕ ಇದಕ್ಕಿಂತ ಸ್ವಲ್ಪ ಜಾಸ್ತಿಯೇ ಇರುತ್ತದೆ. ಪರವಾಗಿಲ್ಲ, ಪ್ರತಿ ಸಲ ಒಂದೇ ರೀತಿ ಲೆಕ್ಕ ಇಟ್ಟರೆ ಸಾಕು.

ರೋಗಿಯಿಂದಲೋ ಪ್ರಾಣಿಯಿಂದಲೋ ನೇರವಾಗಿ ತೆಗೆದ ಕೋಶಗಳಲ್ಲಿ ಇದು ಇನ್ನೂ ಮುಖ್ಯ. ಲೆನಾರ್ಡ್ ಹೇಫ್ಲಿಕ್ ಮತ್ತು ಪಾಲ್ ಮೂರ್‌ಹೆಡ್ 1961ರಲ್ಲಿ ತೋರಿಸಿದಂತೆ ಮನುಷ್ಯರ ಸಾಮಾನ್ಯ ಫೈಬ್ರೊಬ್ಲಾಸ್ಟ್‌ಗಳು ಸುಮಾರು 40ರಿಂದ 60 ಸಲ ಇಮ್ಮಡಿಯಾಗಿ ನಿಂತುಬಿಡುತ್ತವೆ. ನಿಲ್ಲುವ ಮೊದಲೇ ಮುದಿತನದ ಲಕ್ಷಣ ಶುರುವಾಗಿರುತ್ತದೆ: ಅಗಲವಾಗುತ್ತವೆ, ಮಂದವಾಗುತ್ತವೆ. ಕ್ಯಾನ್ಸರ್ ಕೋಶಗಳಿಗೆ ಆ ಮಿತಿ ಇಲ್ಲ. ನಮ್ಮನ್ನು ಯಾಮಾರಿಸುವುದು ಅದೇ. ಸಾಯುವುದಿಲ್ಲ, ಹಾಗಾಗಿ ಬದಲಾಗಿಲ್ಲ ಅಂದುಕೊಳ್ಳುತ್ತೇವೆ.

ಫ್ಲಾಸ್ಕ್ ಮೇಲೆ ಹೀಗೆ ಬರೆಯಿರಿ: ಕೋಶದ ಹೆಸರು, ಬಂದಾಗಿನ ಪ್ಯಾಸೇಜ್, ನಮ್ಮಲ್ಲಿ ಆದದ್ದು, ಯಾವ ಬ್ಯಾಂಕಿನ ಎಷ್ಟನೇ ವಯಲ್, ತಾರೀಖು, ನಿಮ್ಮ ಇನಿಶಿಯಲ್. ‘ಎಂಸಿಎಫ್-7, 8+6, ಬ್ಯಾಂಕ್ 2, ವಯಲ್ 11’ ಅಂದರೆ ಬೇರೆಯವರಿಗೂ ಅರ್ಥವಾಗುತ್ತದೆ. ಕರಗಿಸಿದಾಗ ಎಣಿಕೆಯನ್ನು ಸೊನ್ನೆ ಮಾಡಬೇಡಿ. ನನ್ನ ನಾಲ್ಕು ತಿಂಗಳು ಹೋದದ್ದು ಅದಕ್ಕೇ.

ಹೆಜ್ಜೆ 4: ಸ್ಪ್ಲಿಟ್ ಮಾಡುವ ಕೈಗೆ ಒಂದೇ ಅಭ್ಯಾಸ ಕಲಿಸಿ

3ಟಿ3 ಎಂಬ ಇಲಿಯ ಕೋಶದ ಹೆಸರು ಎಲ್ಲಿಂದ ಬಂತು ಗೊತ್ತಾ? 3 ದಿನಕ್ಕೊಮ್ಮೆ ವರ್ಗಾವಣೆ, ಪ್ರತಿ ಡಿಶ್‌ಗೆ 3 ಲಕ್ಷ ಕೋಶ. 1963ರಲ್ಲಿ ಜಾರ್ಜ್ ಟೊಡಾರೊ ಮತ್ತು ಹೊವಾರ್ಡ್ ಗ್ರೀನ್ ಅಷ್ಟು ಶಿಸ್ತಾಗಿ ಬೆಳೆಸಿದ್ದರು. ಹೆಸರಿನಲ್ಲೇ ಟೈಮ್‌ಟೇಬಲ್ ಇದೆ. ಈ ಕೋಶಗಳು ಒಂದನ್ನೊಂದು ಮುಟ್ಟಿದ ತಕ್ಷಣ ಬೆಳೆಯುವುದನ್ನು ನಿಲ್ಲಿಸುತ್ತವೆ. ಅದೇ ಅವುಗಳ ವಿಶೇಷ. ಈಗ ಯಾರೋ ಶುಕ್ರವಾರ ಸ್ಪ್ಲಿಟ್ ಮಾಡದೆ ಊರಿಗೆ ಹೋದರು ಅಂತಿಟ್ಟುಕೊಳ್ಳಿ. ಫ್ಲಾಸ್ಕ್ ತುಂಬಿ ಹೋಯಿತು. ಒಳ್ಳೆಯ ಕೋಶಗಳು ನಿಂತವು. ನಿಲ್ಲುವುದನ್ನು ಮರೆತ ಕೆಲವು ಮಾತ್ರ ಒಂದರ ಮೇಲೊಂದು ಬೆಳೆದವು. ಸೋಮವಾರ ನೀವು ತೆಗೆದುಕೊಳ್ಳುವ ಪಾಲಿನಲ್ಲಿ ಅವು ಜಾಸ್ತಿ. ಹೀಗೆ ನಾಲ್ಕಾರು ಸಲ ಆದರೆ, ಯಾವ ಗುಣಕ್ಕಾಗಿ ಆ ಕೋಶವನ್ನು ತಂದಿದ್ದಿರೋ ಅದೇ ಹೋಗಿರುತ್ತದೆ.

ಆಯುಧಪೂಜೆ ರಜೆ ನಮ್ಮ ಕಡೆಯ ಮಾಮೂಲಿ ಅಪಾಯ. ಇನ್‌ಕ್ಯುಬೇಟರ್‌ಗೆ ಕುಂಕುಮ, ಹೂವು ಎಲ್ಲ ಇಡುತ್ತೇವೆ. ಒಳಗಿರುವ ಫ್ಲಾಸ್ಕ್‌ಗಳನ್ನು ನಾಲ್ಕು ದಿನ ಮರೆಯುತ್ತೇವೆ. ಉದ್ದನೆಯ ರಜೆ ಇದ್ದರೆ ಫ್ಲಾಸ್ಕನ್ನು ಎಸೆದು, ಬಂದ ಮೇಲೆ ಹೊಸ ವಯಲ್ ಕರಗಿಸಿ. ಬ್ಯಾಂಕ್ ಮಾಡಿಟ್ಟಿದ್ದರೆ ಇದಕ್ಕೆ ಹೊಟ್ಟೆ ಉರಿಯುವುದಿಲ್ಲ.

ಸಾಮಾನ್ಯವಾಗಿ ಶೇಕಡಾ 70–80 ತುಂಬಿದಾಗ ಸ್ಪ್ಲಿಟ್ ಮಾಡಿ. ಕಣ್ಣಳತೆ ಬೇಡ, ಎಣಿಸಿ ಹಾಕಿ. ಟ್ರಿಪ್ಸಿನ್ ವಿಷಯದಲ್ಲೂ ಅವಸರ ಬೇಡ. ಒಂದು ನಿಮಿಷಕ್ಕೇ ಬಿಟ್ಟುಕೊಂಡ ಕೋಶಗಳನ್ನಷ್ಟೇ ಎತ್ತಿಕೊಂಡು, ಗಟ್ಟಿಯಾಗಿ ಅಂಟಿಕೊಂಡವನ್ನು ಹಳೇ ಫ್ಲಾಸ್ಕ್ ಜೊತೆ ಎಸೆದರೆ, ಪ್ರತಿ ಸಲವೂ ಸಡಿಲವಾಗಿ ಅಂಟುವ ಜಾತಿಯನ್ನು ಆರಿಸಿದಂತೆ. ಕೋಶದ ಚಲನೆ, ಅಂಟಿಕೆ ಅಂತ ಅಧ್ಯಯನ ಮಾಡುವವರು ಇದನ್ನು ಗೋಡೆಯ ಮೇಲೆ ಬರೆದು ಅಂಟಿಸಿಕೊಳ್ಳಬೇಕು.

ಸೀರಮ್ ಲಾಟ್ ಬದಲಾಗುವಾಗ ಹಳೆಯದು ಮುಗಿಯುವ ಮೊದಲೇ ಎರಡನ್ನೂ ಒಟ್ಟಿಗೆ ಓಡಿಸಿ ನೋಡಿ. ಒಂದು ಅಧ್ಯಯನಕ್ಕೆ ಒಂದೇ ಲಾಟ್ ಸಿಕ್ಕರೆ ಅದೃಷ್ಟ.

ಹೆಜ್ಜೆ 5: ಕೊನೆಯ ದಿನವನ್ನು ಮೊದಲೇ ಗೊತ್ತುಮಾಡಿ

ಎಷ್ಟು ಪ್ಯಾಸೇಜ್‌ವರೆಗೆ ಬಳಸಬಹುದು? ಎಲ್ಲ ಕೋಶಕ್ಕೂ ಸರಿಹೊಂದುವ ಒಂದು ಸಂಖ್ಯೆ ಇಲ್ಲ. ಕರಗಿಸಿದ ಮೇಲೆ ಎರಡು ಮೂರು ಪ್ಯಾಸೇಜ್ ಸುಧಾರಿಸಿಕೊಳ್ಳಲು ಬಿಟ್ಟು, ಆಮೇಲೆ ಸುಮಾರು ಹತ್ತರವರೆಗೆ, ಇಲ್ಲವೇ ಎರಡು ಮೂರು ತಿಂಗಳವರೆಗೆ ಅನ್ನುವುದು ತುಂಬಾ ಲ್ಯಾಬ್‌ಗಳು ಪಾಲಿಸುವ ಪದ್ಧತಿ. ಅದರಿಂದ ಶುರುಮಾಡಿ, ಆಮೇಲೆ ನಿಮ್ಮ ಕೋಶಕ್ಕೆ ತಕ್ಕ ಮಿತಿಯನ್ನು ನೀವೇ ಕಂಡುಕೊಳ್ಳಿ.

ಕಂಡುಕೊಳ್ಳುವುದು ಹೇಗೆ? ಆ ಕೋಶದಿಂದ ನಿಮಗೆ ಬೇಕಾದ ಕೆಲಸ ಯಾವುದೋ ಅದನ್ನೇ ಅಳೆಯಿರಿ. ಮಿನ್6 ಎಂಬ ಇನ್ಸುಲಿನ್ ಕೋಶ ಬಳಸುವವರಿಗೆ ಗ್ಲೂಕೋಸ್ ಕೊಟ್ಟಾಗ ಇನ್ಸುಲಿನ್ ಬಿಡುತ್ತದೆಯೇ ಅನ್ನುವುದು ಮುಖ್ಯ, ಪ್ಯಾಸೇಜ್ ಏರಿದಂತೆ ಆ ಗುಣ ಕುಗ್ಗುತ್ತದೆ. ಪ್ರಾಸ್ಟೇಟ್ ಕ್ಯಾನ್ಸರ್‌ನ ಎಲ್‌ಎನ್‌ಕ್ಯಾಪ್ ಮೊದಮೊದಲು ಗಂಡು ಹಾರ್ಮೋನನ್ನು ನೆಚ್ಚಿಕೊಂಡು ಬೆಳೆಯುತ್ತದೆ, ಹಳತಾದಂತೆ ಅದಿಲ್ಲದೆಯೂ ಬೆಳೆಯಲು ಕಲಿಯುತ್ತದೆ. ಕರುಳಿನ ಗೋಡೆಯಂತೆ ಬಳಸುವ ಕ್ಯಾಕೊ-2ರಲ್ಲಿ ಪದರ ಎಷ್ಟು ಬಿಗಿಯಾಗಿದೆ ಅನ್ನುವುದೇ ಬದಲಾಗುತ್ತದೆ. ಇವುಗಳಲ್ಲಿ ಬೆಳವಣಿಗೆಯ ವೇಗವನ್ನು ಮಾತ್ರ ನೋಡುತ್ತಾ ಕೂತರೆ ‘ಎಲ್ಲ ಸರಿ ಇದೆ’ ಅಂತಲೇ ಕಾಣುತ್ತದೆ.

ಒಂದು ವಯಲ್ ಕರಗಿಸಿ, ಆ ಪರೀಕ್ಷೆಯನ್ನು 3, 6, 9, 12, 15ನೇ ಪ್ಯಾಸೇಜ್‌ನಲ್ಲಿ ಮಾಡಿ ಗ್ರಾಫ್ ಹಾಕಿ. ಗೆರೆ ಎಲ್ಲಿ ಬಾಗುತ್ತದೋ ಅದಕ್ಕಿಂತ ಎರಡು ಮೂರು ಹಿಂದೆ ನಿಮ್ಮ ಮಿತಿ. ಕರಗಿಸಿದ ದಿನವೇ ಎಸೆಯುವ ತಾರೀಖನ್ನು ಕ್ಯಾಲೆಂಡರ್‌ನಲ್ಲಿ ಬರೆಯಿರಿ. ಆ ದಿನ ಬಂದಾಗ ಕೋಶ ಎಷ್ಟೇ ಲಕ್ಷಣವಾಗಿ ಕಾಣಲಿ, ಬ್ಲೀಚ್ ಹಾಕಿ ಚೆಲ್ಲಿ.

ಹೆಜ್ಜೆ 6: ಗುರುತಿನ ಚೀಟಿ, ಜ್ವರದ ಪರೀಕ್ಷೆ

ಬ್ಯಾಂಕ್ ಮಾಡಿದಾಗ ಒಮ್ಮೆ ಎಸ್‌ಟಿಆರ್ ಪರೀಕ್ಷೆ ಮಾಡಿಸಿ. ಡಿಎನ್‌ಎಯ ಕೆಲವು ಜಾಗಗಳನ್ನು ನೋಡಿ ಇದು ಯಾರ ಕೋಶ ಅಂತ ಹೇಳುವ ಪರೀಕ್ಷೆ. ದಾಖಲೆಯ ಜೊತೆ ಶೇಕಡಾ 80ಕ್ಕಿಂತ ಹೆಚ್ಚು ಹೊಂದಿದರೆ ಅದೇ ವ್ಯಕ್ತಿಯ ಕೋಶ ಎಂದು ಸಾಮಾನ್ಯವಾಗಿ ಒಪ್ಪುತ್ತಾರೆ. ಆದರೆ ಒಂದು ಮಾತು. ಈ ಪರೀಕ್ಷೆ ಹೆಸರು ಹೇಳುತ್ತದೆ, ನಡತೆ ಹೇಳುವುದಿಲ್ಲ. ಪಿ-5 ಮತ್ತು ಪಿ-70ರ ಎಸ್‌ಟಿಆರ್ ಸಾಮಾನ್ಯವಾಗಿ ಒಂದೇ ಬರುತ್ತದೆ. ನನ್ನ ಕೋಶಗಳೂ ಪಾಸಾಗಿದ್ದವು. ಮೀಟಿಂಗ್‌ನಲ್ಲಿ ಆ ಸರ್ಟಿಫಿಕೇಟ್ ತೋರಿಸಿ ನಾನು ವಾದ ಮಾಡಿದ್ದು ಈಗ ನೆನೆದರೆ ನಗು ಬರುತ್ತದೆ.

ಮೈಕೊಪ್ಲಾಸ್ಮಾ ಬೇರೆಯೇ ಪೀಡೆ. ಇದು ಗೋಡೆಯೇ ಇಲ್ಲದ ಬ್ಯಾಕ್ಟೀರಿಯಾ, ಹಾಗಾಗಿ ಪೆನ್ಸಿಲಿನ್ ನಾಟುವುದಿಲ್ಲ. 0.22 ಮೈಕ್ರಾನ್ ಫಿಲ್ಟರ್‌ನಿಂದಲೂ ನುಸುಳಬಲ್ಲದು. ಮೀಡಿಯಾ ಕದಡುವುದಿಲ್ಲ, ವಾಸನೆ ಇಲ್ಲ, ಬಣ್ಣವೂ ಬೇಗ ಬದಲಾಗುವುದಿಲ್ಲ. ಲ್ಯಾಬ್‌ಗಳ ಕಲ್ಚರ್‌ಗಳಲ್ಲಿ ಶೇಕಡಾ 15ರಿಂದ 35ರಷ್ಟಕ್ಕೆ ಇದು ತಗುಲಿರುತ್ತದೆ ಅನ್ನುವುದು ಸಾಮಾನ್ಯವಾಗಿ ಕೊಡುವ ಅಂದಾಜು. ಒಂದು ಫ್ಲಾಸ್ಕ್ ಹೆಚ್ಚು ಕಾಲ ಓಡಿದಷ್ಟೂ, ಹೆಚ್ಚು ಕೈ ಮುಟ್ಟಿದಷ್ಟೂ ತಗುಲುವ ಅವಕಾಶ ಹೆಚ್ಚು. ತಿಂಗಳಿಗೊಮ್ಮೆ ಪಿಸಿಆರ್ ಮಾಡಿ. ಬಂದಿದ್ದರೆ ವಾಸಿ ಮಾಡಲು ಹೋಗಬೇಡಿ, ಆ ಫ್ಲಾಸ್ಕ್ ಎಸೆದು ಬ್ಯಾಂಕ್‌ನಿಂದ ಹೊಸದು ತೆಗೆಯಿರಿ. ಮತ್ತೆಲ್ಲೂ ಸಿಗದ ಕೋಶವಾದರೆ ಮಾತ್ರ ಔಷಧಿಯ ಮಾತು.

ಆಂಟಿಬಯೋಟಿಕ್ ಇಲ್ಲದೆ ಬೆಳೆಸಲು ಕಲಿಯಿರಿ ಅಂತ ನಾನು ಹೇಳಿದಾಗಲೆಲ್ಲ ಹೊಸಬರು ಗಾಬರಿಯಾಗುತ್ತಾರೆ. ಕೈ ಚೊಕ್ಕವಿದ್ದರೆ ಏನೂ ಆಗುವುದಿಲ್ಲ. ಚೊಕ್ಕವಿಲ್ಲದಿದ್ದರೆ ಬೇಗ ಗೊತ್ತಾಗುತ್ತದೆ, ಅದೂ ಒಳ್ಳೆಯದೇ.

ನಮ್ಮೂರಿನ ಎತ್ತರದ ಬಗ್ಗೆ ಒಂದು ಸಣ್ಣ ಮಾತು

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ. ಇಲ್ಲಿ ಗಾಳಿಯ ಒತ್ತಡ ಮಂಗಳೂರಿನದರ ಶೇಕಡಾ 90ರಷ್ಟು. ಇನ್‌ಕ್ಯುಬೇಟರ್‌ನಲ್ಲಿ ನಿಜವಾಗಿಯೂ ಶೇಕಡಾ 5 ಕಾರ್ಬನ್ ಡೈಆಕ್ಸೈಡ್ ಇದ್ದರೂ ಮೀಡಿಯಾದಲ್ಲಿ ಕರಗುವುದು ಅಲ್ಲಿನ 4.5ಕ್ಕೆ ಸಮ. ಪಿಎಚ್‌ನಲ್ಲಿ ವ್ಯತ್ಯಾಸ 0.05ರಷ್ಟು ಮಾತ್ರ. ಹೆಚ್ಚಿನ ಕೋಶಗಳು ಇದಕ್ಕೆ ತಲೆ ಕೆಡಿಸಿಕೊಳ್ಳುವುದಿಲ್ಲ, ನೀವೂ ಕೆಡಿಸಿಕೊಳ್ಳಬೇಡಿ. ಆದರೆ ಸೆನ್ಸರನ್ನು ಈ ಊರಿನ ಒತ್ತಡಕ್ಕೆ ಹೊಂದಿಸಿದ್ದಾರೆಯೇ ಅಂತ ಸರ್ವಿಸ್‌ಗೆ ಬಂದವರನ್ನು ಒಮ್ಮೆ ಕೇಳಿ. ಕರೆಂಟ್ ಹೋದಾಗ ಇನ್‌ಕ್ಯುಬೇಟರ್ ಯುಪಿಎಸ್ ಮೇಲಿದೆಯೇ ಅನ್ನುವುದು ಇದಕ್ಕಿಂತ ದೊಡ್ಡ ಪ್ರಶ್ನೆ. ಮಳೆಗಾಲದ ಒಂದು ಸಂಜೆ 37 ಡಿಗ್ರಿ 29ಕ್ಕೆ ಇಳಿದರೆ ಅದನ್ನು ನೋಟ್‌ಬುಕ್‌ನಲ್ಲಿ ಬರೆಯಿರಿ. ಮೂರು ವಾರ ಬಿಟ್ಟು ಒಂದು ವಿಚಿತ್ರ ಫಲಿತಾಂಶ ಬಂದಾಗ ಆ ಸಾಲು ಬೇಕಾಗುತ್ತದೆ.

ಹೆಜ್ಜೆ 7: ಪ್ರಯೋಗವನ್ನು ಹೆಣೆಯುವಾಗ

ಒಂದೇ ಫ್ಲಾಸ್ಕ್‌ನಿಂದ ಪ್ಲೇಟ್‌ನ ಮೂರು ವೆಲ್‌ಗೆ, ಅಂದರೆ ಗುಳಿಗೆ, ಹಾಕಿ ‘ಮೂರು ಸಲ ಮಾಡಿದೆ’ ಅನ್ನುವುದು ಒಂದೇ ಪಾತ್ರೆಯ ಸಾರನ್ನು ಮೂರು ಲೋಟಕ್ಕೆ ಹಾಕಿ ರುಚಿ ನೋಡಿದಂತೆ. ಮೂರು ಬೇರೆ ವಯಲ್‌ಗಳಿಂದ, ಬೇರೆ ದಿನ ಮಾಡಿ. ಮೂರೂ ನೀವು ಹಾಕಿಕೊಂಡ ಪ್ಯಾಸೇಜ್ ಮಿತಿಯೊಳಗಿರಲಿ. ಗೊತ್ತಿರುವ ಒಂದು ಔಷಧಿಯನ್ನು ಪ್ರತಿ ಪ್ಲೇಟ್‌ನಲ್ಲೂ ಇಡಿ. ಅದರ ಫಲಿತಾಂಶವನ್ನು ವರ್ಷವಿಡೀ ಒಂದೇ ಗ್ರಾಫ್‌ನಲ್ಲಿ ಗುರುತಿಸುತ್ತಾ ಹೋಗಿ. ಕೋಶ ಜಾರುತ್ತಿದ್ದರೆ ಮೊದಲು ಚಾಡಿ ಹೇಳುವುದು ಆ ಗೆರೆಯೇ.

ಜೀನ್ ತೆಗೆದ ಕೋಶ ಮಾಡುವವರಿಗೆ ಒಂದು ಎಚ್ಚರಿಕೆ. ಒಂದೇ ಕೋಶದಿಂದ ಬೆಳೆಸಿದ ಕ್ಲೋನ್ 10 ಲಕ್ಷ ಆಗಲು 20 ಸಲ ಇಮ್ಮಡಿಯಾಗಬೇಕು. ಅದರ ಮೇಲೆ, ಬೇಕಾದ ಕೋಶಗಳನ್ನಷ್ಟೇ ಉಳಿಸಲು ಹಾಕುವ ಪ್ಯೂರೊಮೈಸಿನ್ ಎಂಬ ಔಷಧಿಯ ಆಯ್ಕೆ ಬೇರೆ. ಇಷ್ಟೆಲ್ಲ ಆದ ಕ್ಲೋನನ್ನು ನಿನ್ನೆ ಕರಗಿಸಿದ ಮೂಲ ಕೋಶದ ಜೊತೆ ಹೋಲಿಸಿ, ವ್ಯತ್ಯಾಸವೆಲ್ಲ ಆ ಜೀನ್‌ನಿಂದಲೇ ಅಂದರೆ ಹೇಗೆ? ಜೀನ್ ಮುಟ್ಟದೆ, ಉಳಿದ ಎಲ್ಲ ಹಂತಗಳನ್ನೂ ದಾಟಿಸಿದ ಕ್ಲೋನ್‌ಗಳನ್ನು ಪಕ್ಕದಲ್ಲಿಡಿ. ಅವು ಎರಡು ಮೂರು ಇದ್ದರೆ ಇನ್ನೂ ವಾಸಿ, ಯಾಕೆಂದರೆ ಒಂದೇ ಗುಂಪಿನಿಂದ ಬಂದ ಕ್ಲೋನ್‌ಗಳೂ ಒಂದರಂತೆ ಒಂದಿರುವುದಿಲ್ಲ.

ಪೇಪರ್ ಬರೆಯುವಾಗ ‘ಎಂಸಿಎಫ್-7 ಕೋಶಗಳನ್ನು ಬಳಸಲಾಯಿತು’ ಅಂತಷ್ಟೇ ಬರೆದು ಮುಗಿಸಬೇಡಿ. ಎಲ್ಲಿಂದ, ಯಾವ ವರ್ಷ, ಎಷ್ಟರಿಂದ ಎಷ್ಟನೇ ಪ್ಯಾಸೇಜ್, ಗುರುತು ಮತ್ತು ಮೈಕೊಪ್ಲಾಸ್ಮಾ ಪರೀಕ್ಷೆ ಯಾವಾಗ. ಎರಡು ಸಾಲು ಸಾಕು.

ಈಗಾಗಲೇ ಎಡವಟ್ಟಾಗಿದ್ದರೆ

ಫಲಿತಾಂಶ ಬದಲಾಗಿದೆ, ಯಾಕೆ ಗೊತ್ತಿಲ್ಲ. ಆಗ ಒಂದೊಂದನ್ನೇ ಬದಲಾಯಿಸುತ್ತಾ ತಿಂಗಳು ಕಳೆಯಬೇಡಿ. ಟ್ಯಾಂಕ್‌ನಲ್ಲಿರುವ ಅತಿ ಹಳೆಯ ವಯಲ್ ಹುಡುಕಿ, ಅಂದರೆ ಕಡಿಮೆ ಪ್ಯಾಸೇಜ್‌ನದು. ಅದನ್ನು ಕರಗಿಸಿ, ಎರಡು ಮೂರು ಪ್ಯಾಸೇಜ್ ಸುಧಾರಿಸಿಕೊಳ್ಳಲು ಬಿಡಿ. ಈಗಿನ ಕೋಶ ಮತ್ತು ಆ ಕೋಶ, ಎರಡನ್ನೂ ಒಂದೇ ದಿನ, ಒಂದೇ ಸೀರಮ್, ಒಂದೇ ಔಷಧಿ, ಒಂದೇ ಪ್ಲೇಟ್‌ನಲ್ಲಿ ಪರೀಕ್ಷಿಸಿ. ಹಳೇ ವಯಲ್ ಹಳೇ ಉತ್ತರ ಕೊಟ್ಟರೆ ಬದಲಾಗಿರುವುದು ಕೋಶ. ಎರಡೂ ಹೊಸ ಉತ್ತರ ಕೊಟ್ಟರೆ ಸೀರಮ್, ಔಷಧಿ, ಪ್ಲೇಟ್ ಅಳೆಯುವ ರೀಡರ್ ಕಡೆ ತಿರುಗಿ. ಜೊತೆಗೆ ಎರಡಕ್ಕೂ ಮೈಕೊಪ್ಲಾಸ್ಮಾ ಪರೀಕ್ಷೆ ಮಾಡಿ, ಇಲ್ಲದಿದ್ದರೆ ಈ ಹೋಲಿಕೆಯನ್ನು ನಂಬುವಂತಿಲ್ಲ.

ನಮ್ಮ ಟ್ಯಾಂಕ್‌ನ ತಳದಲ್ಲಿ, ನಾನು ಸೇರುವ ಮೊದಲೇ ಲ್ಯಾಬ್ ಬಿಟ್ಟುಹೋದ ಒಬ್ಬ ಸೀನಿಯರ್ ಫ್ರೀಜ್ ಮಾಡಿದ್ದ ಮೂರು ವಯಲ್ ಸಿಕ್ಕವು. ಲೇಬಲ್ ಅರ್ಧ ಅಳಿಸಿತ್ತು, ‘12’ ಅನ್ನುವುದು ಮಾತ್ರ ಕಾಣುತ್ತಿತ್ತು. ಮೊದಲನೆಯದು ಏಳಲೇ ಇಲ್ಲ. ಎರಡನೆಯದರಲ್ಲಿ ಐದನೇ ದಿನ ಅಲ್ಲೊಂದು ಇಲ್ಲೊಂದು ಗುಂಪು ಕಂಡಿತು. ನಾಲ್ಕು ವಾರ ಬಿಟ್ಟು ಪ್ಲೇಟ್ ಹಾಕಿದೆ. ಅರ್ಧದಷ್ಟು ಸಾಯಲು ಹಳೇ ವಯಲ್‌ನ ಕೋಶಕ್ಕೆ 2.3 ಮೈಕ್ರೊಮೋಲಾರ್, ನನ್ನ ಫ್ಲಾಸ್ಕ್‌ನದಕ್ಕೆ 9ರ ಮೇಲೆ. ಎರಡು ಅಧ್ಯಾಯದ ಪ್ರಯೋಗಗಳನ್ನು ಮತ್ತೆ ಮಾಡಬೇಕಾಯಿತು, ಹನ್ನೊಂದು ತಿಂಗಳು ಹಿಡಿಯಿತು. ಮೂರನೇ ವಯಲನ್ನು ಮುಟ್ಟಲಿಲ್ಲ. ಅದು ಈಗಲೂ ಆ ಟ್ಯಾಂಕ್‌ನಲ್ಲೇ ಇದೆ, ಹೊಸ ಲೇಬಲ್ ಅಂಟಿಸಿದ್ದೇನೆ.